ಕೀಲು ಎಷ್ಟು ಮಡಚುತ್ತದೆ? ಅಂದಾಜು ಬೇಡ, ಅಳತೆ ಇರಲಿ

ಅಳತೆಯ ಬೆಲೆ ಏನೆಂಬುದನ್ನು ಬೆಳೆಗಾರನಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣವೆಂದು ತೂಗಿಯೇ ಹಾಕುತ್ತೇವೆ. ಕಾಫಿ ಇರುವವರು ಹೂಮಳೆ ಎಷ್ಟು ಇಂಚು, ಎಷ್ಟು ಸೆಂಟು ಬಿತ್ತೆಂದು ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಅಡಿಕೆ ತೂಗುವ ತಕ್ಕಡಿಯಲ್ಲಿ ಅರ್ಧ ಕಿಲೋ ವ್ಯತ್ಯಾಸ ಕಂಡರೂ ಸುಮ್ಮನಿರುವವರು ನಾವಲ್ಲ. ಆದರೆ ಅದೇ ನಮ್ಮ ಮನೆಯವರೋ, ತೋಟಕ್ಕೆ ಬರುವ ಕೆಲಸದವರೋ ಮರದಿಂದ ಬಿದ್ದು ಕೈಕಾಲು ಮುರಿದುಕೊಂಡು ಮೂರು ತಿಂಗಳು ಚಿಕಿತ್ಸೆ ಪಡೆದ ಮೇಲೆ, ‘ಈಗ ಕೈ ಎಷ್ಟು ಏಳುತ್ತದೆ?’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಅಡ್ಡಿಲ್ಲೆ, ಸುಮಾರು ಏಳ್ತದೆ.’

ಈ ‘ಸುಮಾರು’ ಎಂಬ ಮಾತಿನಲ್ಲಿ ಎಷ್ಟೋ ನಷ್ಟ ಅಡಗಿದೆ. ಚಿಕಿತ್ಸೆ ಫಲ ಕೊಡುತ್ತಿದೆಯೇ, ವ್ಯಾಯಾಮ ಬದಲಾಯಿಸಬೇಕೇ, ವೈದ್ಯರಿಗೆ ಮತ್ತೆ ತೋರಿಸಬೇಕೇ, ಮತ್ತೆ ಮರ ಹತ್ತುವ ಆಸೆ ಇಟ್ಟುಕೊಳ್ಳಬಹುದೇ, ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕೇ — ಇವೆಲ್ಲವೂ ಕೀಲು ಎಷ್ಟು ಡಿಗ್ರಿ ಚಲಿಸುತ್ತದೆ ಎಂಬ ಒಂದು ಅಂಕಿಯ ಮೇಲೆ ಬಹುಮಟ್ಟಿಗೆ ನಿಂತಿವೆ. ಆ ಅಂಕಿಯನ್ನು ಸರಿಯಾಗಿ ತೆಗೆಯುವ ಕ್ರಮವೇನು, ಅದರಲ್ಲಿ ತಪ್ಪು ಎಲ್ಲಿ ನುಸುಳುತ್ತದೆ ಎಂಬುದನ್ನು ನಮ್ಮ ಸದಸ್ಯರೂ ತಿಳಿದಿರುವುದು ಒಳ್ಳೆಯದು.

ನಮಗೇಕೆ ಈ ವಿಚಾರ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರೂ ತಾಲೂಕುಗಳಲ್ಲಿ ತೋಟದ ಕೆಲಸವೆಂದರೆ ಕೀಲುಗಳ ಕೆಲಸ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುವವನ ಪಾದ ಮೇಲಕ್ಕೂ ಒಳಕ್ಕೂ ಬಾಗಬೇಕು. ಮಂಡಿ ಪ್ರತಿ ಹೆಜ್ಜೆಗೂ ಪೂರ್ತಿ ಮಡಚಿ ಬಿಚ್ಚಬೇಕು. ಕೊನೆ ಇಳಿಸಲು, ಮದ್ದು ಬಿಡಲು ಕೈ ತಲೆಯ ಮೇಲಕ್ಕೆ ಹೋಗಬೇಕು. ಈಗ ಕಾರ್ಬನ್ ಫೈಬರ್ ದೋಟಿ ಬಂದು ಮರ ಹತ್ತುವುದು ಅಷ್ಟರಮಟ್ಟಿಗೆ ಕಡಿಮೆಯಾಯಿತೆಂಬುದು ಸಂತೋಷವೇ. ಆದರೆ ನೆಲದ ಮೇಲೆ ನಿಂತು, ಕತ್ತೆತ್ತಿ, ಎರಡು ತೋಳನ್ನೂ ಮೇಲೆ ಹಿಡಿದು ಗಂಟೆಗಟ್ಟಲೆ ದೋಟಿ ಆಡಿಸುವವನ ಭುಜಕ್ಕೆ ಬಿಡುವಿಲ್ಲ. ಮೆಟ್ಟುಕತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರ ಮಣಿಕಟ್ಟು, ಹೆಬ್ಬೆರಳುಗಳ ಕಥೆಯೂ ಹಾಗೆಯೇ. ತೋಟದಾಚೆಗೆ ನೋಡಿದರೆ ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ಮಂಡಿ ಊರಿ ಸುತ್ತುವ ಕಲಾವಿದರಿಗೆ ಮೊಣಕಾಲಿನ ಹತ್ತು ಡಿಗ್ರಿ ಹೋದರೂ ವೇಷವೇ ಹೋದಂತೆ.

ಮರದಿಂದ ಬಿದ್ದವರಲ್ಲಿ ಬೆನ್ನುಮೂಳೆ, ಹಿಮ್ಮಡಿಯ ಮೂಳೆ, ಮಣಿಕಟ್ಟು, ಭುಜ ಇವುಗಳಿಗೆ ಪೆಟ್ಟಾಗುವುದು ಹೆಚ್ಚು. ಮೂಳೆ ಕೂಡಿಕೊಂಡಿತೆಂದು ಎಕ್ಸ್‌ರೇ ಹೇಳಬಹುದು. ಆದರೆ ಕೀಲು ಬಿಗಿದುಕೊಂಡಿದೆಯೇ ಎಂಬುದನ್ನು ಎಕ್ಸ್‌ರೇ ಹೇಳುವುದಿಲ್ಲ. ಅದನ್ನು ಹೇಳುವುದು ಕೋನದ ಅಳತೆ.

ಅಳೆಯುವ ಸಾಧನ

ಈ ಅಳತೆಗೆ ಬಳಸುವ ಉಪಕರಣದ ಹೆಸರು ಗೋನಿಯೋಮೀಟರ್. ಗ್ರೀಕ್ ಭಾಷೆಯಲ್ಲಿ ‘ಗೋನಿಯಾ’ ಎಂದರೆ ಕೋನ, ‘ಮೆಟ್ರಾನ್’ ಎಂದರೆ ಅಳತೆ. ಶಾಲೆಯ ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿರುವ ಕೋನಮಾಪಕಕ್ಕೆ ಎರಡು ಉದ್ದನೆಯ ಪಟ್ಟಿಗಳನ್ನು ಜೋಡಿಸಿದರೆ ಹೇಗೋ ಹಾಗೆ. ಒಂದು ಪಟ್ಟಿ ಅಲುಗಾಡದೆ ನಿಲ್ಲುವುದು, ಇನ್ನೊಂದು ತಿರುಗುವುದು. ಎರಡೂ ಸೇರುವ ಮೊಳೆಯನ್ನು ಕೀಲಿನ ತಿರುಗುಬಿಂದುವಿನ ಮೇಲೆ ಇಡಬೇಕು. ಪ್ಲಾಸ್ಟಿಕ್ಕಿನದು ಹೆಚ್ಚು ಬೆಲೆಯದೂ ಅಲ್ಲ.

ಉಪಕರಣ ಸರಳವಾದರೂ ಎಲ್ಲರೂ ಒಂದೇ ರೀತಿ ಬರೆಯುವ ಪದ್ಧತಿ ಬರಲು ಕಾಲ ಹಿಡಿಯಿತು. ನೆಟ್ಟಗೆ ನಿಂತ ಸಹಜ ಭಂಗಿಯನ್ನು ಸೊನ್ನೆಯೆಂದು ಹಿಡಿದು ಅಲ್ಲಿಂದ ಲೆಕ್ಕ ಹಾಕುವ ಕ್ರಮವನ್ನು 1936ರಲ್ಲಿ ಅಮೆರಿಕದ ಕೇವ್ ಮತ್ತು ರಾಬರ್ಟ್ಸ್ ಎಂಬ ವೈದ್ಯರು ಮುಂದಿಟ್ಟರು. 1965ರಲ್ಲಿ ಆ ದೇಶದ ಮೂಳೆ ಶಸ್ತ್ರವೈದ್ಯರ ಅಕಾಡೆಮಿ ಇದೇ ತತ್ವದ ಮೇಲೆ ಒಂದು ಕೈಪಿಡಿಯನ್ನು ಹೊರತಂದಿತು. ಅದರ ಪ್ರಕಾರ ಆರೋಗ್ಯವಂತ ವಯಸ್ಕರ ಅಳತೆಗಳು ಸುಮಾರಾಗಿ ಹೀಗಿವೆ:

ಭುಜ — ಕೈಯನ್ನು ಮುಂದಿನಿಂದ ಮೇಲಕ್ಕೆತ್ತುವುದು 180 ಡಿಗ್ರಿ, ಪಕ್ಕದಿಂದ ಎತ್ತುವುದು 180, ಹೊರಕ್ಕೆ ತಿರುಗಿಸುವುದು 90, ಒಳಕ್ಕೆ 70.
ಮೊಣಕೈ — ಮಡಚುವುದು 150.
ಮುಂಗೈ — ಅಂಗೈ ಮೇಲೆ ಮಾಡುವುದು 80, ಕೆಳಗೆ ಮಾಡುವುದು 80.
ಮಣಿಕಟ್ಟು — ಒಳಕ್ಕೆ ಬಗ್ಗಿಸುವುದು 80, ಹಿಂದಕ್ಕೆ 70.
ಸೊಂಟದ ಕೀಲು — ತೊಡೆ ಮುಂದಕ್ಕೆತ್ತುವುದು 120.
ಮೊಣಕಾಲು — ಮಡಚುವುದು 135.
ಪಾದದ ಗಂಟು — ಪಾದ ಮೇಲಕ್ಕೆ 20, ಕೆಳಕ್ಕೆ 50.

ಇವು ಎಲ್ಲರಿಗೂ ಒಂದೇ ಎಂದು ತಿಳಿಯಬಾರದು. ವಯಸ್ಸು, ಮೈಕಟ್ಟು, ಕುಳಿತುಕೊಳ್ಳುವ ರೂಢಿ ಇವುಗಳಿಂದ ವ್ಯತ್ಯಾಸವಾಗುತ್ತದೆ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ, ಕುಕ್ಕರುಗಾಲಿನಲ್ಲಿ ಕುಳಿತು ಬೆಳೆದ ನಮ್ಮವರ ಮಂಡಿ 135ಕ್ಕಿಂತ ಹೆಚ್ಚೂ ಮಡಚೀತು. ಆದ್ದರಿಂದ ಪುಸ್ತಕದ ಅಂಕಿಗಿಂತ ಅದೇ ಮನುಷ್ಯನ ಇನ್ನೊಂದು ಸರಿಯಾದ ಕೈ ಅಥವಾ ಕಾಲು ಒಳ್ಳೆಯ ಮಾನದಂಡ. ಎಡ ಮಂಡಿ 145 ಮಡಚುವವನ ಬಲ ಮಂಡಿ 130 ಆದರೆ, ಪುಸ್ತಕದ ಪ್ರಕಾರ ಕೊರತೆ 5 ಮಾತ್ರ. ಅವನ ಮಟ್ಟಿಗೆ ಕೊರತೆ 15.

ಅಳೆಯುವ ಕ್ರಮ

ಮೊಣಕಾಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ರೋಗಿಯನ್ನು ಅಂಗಾತ ಮಲಗಿಸಬೇಕು. ತೊಡೆಯ ಹೊರಬದಿಯಲ್ಲಿ, ಮಂಡಿಯ ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನ ಮೇಲೆ ಉಪಕರಣದ ಮೊಳೆ ಇರಬೇಕು. ಅಲುಗಾಡದ ಪಟ್ಟಿ ಸೊಂಟದ ಕೆಳಗೆ ತೊಡೆಯ ಪಕ್ಕದಲ್ಲಿ ಸಿಗುವ ಮೂಳೆಯ ಉಬ್ಬಿನ ಕಡೆಗೆ ನೇರವಾಗಿರಬೇಕು. ತಿರುಗುವ ಪಟ್ಟಿ ಪಾದದ ಹೊರಗಂಟಿನ ಕಡೆಗೆ. ಈ ಮೂರು ಗುರುತುಗಳನ್ನೂ ಬಟ್ಟೆಯ ಮೇಲಿಂದ ಅಂದಾಜು ಮಾಡದೆ, ಬೆರಳಿನಿಂದ ಮುಟ್ಟಿ ಹುಡುಕಬೇಕು. ಬೇಕಿದ್ದರೆ ಪೆನ್ನಿನಿಂದ ಚುಕ್ಕೆ ಇಡಬೇಕು. ಆಮೇಲೆ ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಎಳೆದುಕೊಳ್ಳಲು ಹೇಳಿ, ನಿಂತಲ್ಲಿ ಅಂಕಿಯನ್ನು ಕಣ್ಣಿನ ಮಟ್ಟಕ್ಕೆ ತಂದು ಓದಬೇಕು. ಮಳೆಮಾಪಕದ ನೀರನ್ನು ಓರೆಯಾಗಿ ನೋಡಿದರೆ ಹೇಗೆ ತಪ್ಪು ಬರುವುದೋ ಇಲ್ಲಿಯೂ ಹಾಗೆಯೇ.

ಕಾಲು ಪೂರ್ತಿ ಚಾಚುತ್ತದೆಯೇ ಎಂಬುದನ್ನು ಬೇರೆಯಾಗಿ ನೋಡಬೇಕು. ಹಿಮ್ಮಡಿಯ ಕೆಳಗೆ ಮಡಚಿದ ಟವೆಲು ಇಟ್ಟು ಕಾಲು ಚಾಚಿಸಿದಾಗ 15 ಡಿಗ್ರಿ ಬಗ್ಗಿಯೇ ಉಳಿದರೆ, ಅಂಥವನ ಮಂಡಿಯ ಅಳತೆಯನ್ನು ‘110’ ಎಂದಷ್ಟೇ ಬರೆಯಬಾರದು, ‘15ರಿಂದ 110’ ಎಂದು ಬರೆಯಬೇಕು. ಎರಡು ತುದಿಯನ್ನೂ ಬರೆಯದ ಅಳತೆ ಗಡಿಕಲ್ಲು ಒಂದೇ ಬದಿಗೆ ಹಾಕಿದ ಜಾಗದಂತೆ. ಚಾಚದ ಆ 15 ಡಿಗ್ರಿಯಿಂದ ನಡೆಯುವಾಗ ಕುಂಟು ಬರುತ್ತದೆ, ತೊಡೆಯ ಸ್ನಾಯು ಬೇಗ ದಣಿಯುತ್ತದೆ.

ಪಾದದ ಗಂಟಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೀನಖಂಡದ ದೊಡ್ಡ ಸ್ನಾಯು ಮಂಡಿಯ ಮೇಲಿಂದ ಹೊರಟು ಹಿಮ್ಮಡಿಗೆ ಬಂದು ಸೇರುತ್ತದೆ. ಮಂಡಿ ಚಾಚಿ ಅಳೆದರೆ ಪಾದ ಕಡಿಮೆ ಮೇಲೇಳುತ್ತದೆ. ಮಡಚಿ ಅಳೆದರೆ ಹೆಚ್ಚು. ಮೊದಲ ತಿಂಗಳು ಚಾಚಿ, ಎರಡನೆಯ ತಿಂಗಳು ಮಡಚಿ ಅಳೆದವರು ‘ಒಳ್ಳೆಯ ಸುಧಾರಣೆ’ ಎಂದು ಬರೆದಾರು. ಸುಧಾರಿಸಿದ್ದು ಪಾದವಲ್ಲ, ಬದಲಾದದ್ದು ಭಂಗಿ.

ದೇಹ ಮಾಡುವ ಮೋಸ

ಭುಜದ ಅಳತೆಯಲ್ಲಿ ತಪ್ಪು ಬರುವುದು ಅತ್ಯಂತ ಸುಲಭ. ಕೈಯನ್ನು ತಲೆಯ ಮೇಲಕ್ಕೆತ್ತುವ ಕೆಲಸದಲ್ಲಿ ಭುಜದ ಕೀಲು ಒಂದೇ ಇಲ್ಲ; ಬೆನ್ನಿನ ಹೆಗಲೆಲುಬು ಕೂಡ ಸರಿಯುತ್ತದೆ. 1944ರಲ್ಲಿ ಇನ್‌ಮನ್ ಮತ್ತು ಸಂಗಡಿಗರು ತೋರಿಸಿಕೊಟ್ಟಂತೆ, ಒಟ್ಟು 180 ಡಿಗ್ರಿಯಲ್ಲಿ ಸುಮಾರು 120 ಭುಜದ ಕೀಲಿನದು, ಉಳಿದ 60 ಹೆಗಲೆಲುಬಿನದು. ಕೀಲು ಬಿಗಿದಾಗ ಮನುಷ್ಯ ತಿಳಿಯದೆಯೇ ಬೇರೆ ದಾರಿ ಹಿಡಿಯುತ್ತಾನೆ: ಹೆಗಲು ಕಿವಿಯ ಹತ್ತಿರಕ್ಕೆ ಎತ್ತುತ್ತಾನೆ, ಸೊಂಟ ಮುಂದೆ ಮಾಡಿ ಬೆನ್ನು ಬಗ್ಗಿಸುತ್ತಾನೆ, ಇಲ್ಲವೇ ಮೈಯನ್ನು ಮತ್ತೊಂದು ಬದಿಗೆ ವಾಲಿಸುತ್ತಾನೆ. ನಿಂತು ನೋಡಿದವರಿಗೆ ಕೈ ತಲೆಯ ಮೇಲೆ ಹೋದಂತೆಯೇ ಕಾಣುತ್ತದೆ.

ಅದಕ್ಕಾಗಿಯೇ ಭುಜವನ್ನು ಮಲಗಿಸಿ, ಮಂಡಿ ಮಡಚಿಸಿ, ಸೊಂಟ ಹಾಸಿಗೆಗೆ ತಾಗಿರುವಂತೆ ನೋಡಿಕೊಂಡು ಅಳೆಯುವುದು ಉತ್ತಮ. ಮೊಳೆ ಭುಜದ ತುದಿಮೂಳೆಗಿಂತ ತುಸು ಕೆಳಗೆ, ಹೊರಬದಿಯಲ್ಲಿ. ಒಂದು ಪಟ್ಟಿ ಮೈಯ ಪಕ್ಕದ ನಡುಗೆರೆಗೆ ಸರಿಯಾಗಿ. ಇನ್ನೊಂದು ಮೊಣಕೈಯ ಹೊರಗಿನ ಮೂಳೆಯ ಕಡೆಗೆ.

ತಾನಾಗಿ ಎತ್ತುವುದು, ಬೇರೆಯವರು ಎತ್ತಿಸುವುದು

ಪ್ರತಿ ಕೀಲನ್ನೂ ಎರಡು ರೀತಿ ಅಳೆಯಬೇಕು: ರೋಗಿ ತನ್ನ ಬಲದಿಂದ ಮಾಡುವ ಚಲನೆ ಒಂದು, ಚಿಕಿತ್ಸಕರು ಹಿಡಿದು ಮೆಲ್ಲನೆ ಮಾಡಿಸುವ ಚಲನೆ ಇನ್ನೊಂದು. ಈ ಎರಡರ ಅಂತರವೇ ಅನೇಕ ವೇಳೆ ರೋಗವನ್ನು ಹೇಳಿಬಿಡುತ್ತದೆ. ತಾನಾಗಿ 60 ಡಿಗ್ರಿ ಮಾತ್ರ ಕೈ ಎತ್ತುವವನ ಕೈಯನ್ನು ಚಿಕಿತ್ಸಕರು 160ರವರೆಗೆ ಒಯ್ಯಬಹುದಾದರೆ, ಕೀಲು ಬಿಗಿದಿಲ್ಲ. ಎತ್ತುವ ಸ್ನಾಯುರಜ್ಜು ಹರಿದಿರಬಹುದು ಅಥವಾ ನರಕ್ಕೆ ಪೆಟ್ಟಾಗಿರಬಹುದು. ತಾನಾಗಿಯೂ 60, ಎತ್ತಿಸಿದರೂ 65ಕ್ಕೆ ತಡೆದು ನಿಂತರೆ ಕೀಲಿನ ಹೊದಿಕೆಯೇ ಬಿಗಿದಿದೆ.

ಈ ಎರಡನೆಯದೇ ನಾವು ‘ಭುಜ ಹಿಡಿದಿದೆ’ ಎನ್ನುವ ಕಾಯಿಲೆ. ಹೆಚ್ಚಾಗಿ 40ರಿಂದ 60ರ ವಯಸ್ಸಿನವರಿಗೆ, ಅದರಲ್ಲಿಯೂ ಸಕ್ಕರೆ ಕಾಯಿಲೆ ಇರುವವರಿಗೆ ಬರುತ್ತದೆ. ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಕುಗ್ಗುವುದು ಕೈಯನ್ನು ಹೊರಕ್ಕೆ ತಿರುಗಿಸುವ ಚಲನೆ. ಎತ್ತುವುದನ್ನು ಮಾತ್ರ ಅಳೆದು ತಿರುಗಿಸುವುದನ್ನು ಬಿಟ್ಟರೆ ಕಾಯಿಲೆ ಆರಂಭದಲ್ಲಿ ತಪ್ಪಿಸಿಕೊಳ್ಳುತ್ತದೆ. ಹರಿದ ರಜ್ಜುವಿಗೂ ಬಿಗಿದ ಕೀಲಿಗೂ ಚಿಕಿತ್ಸೆ ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಮಾಡುತ್ತ ಆರು ತಿಂಗಳು ಕಳೆದರೆ ಒಂದು ಕೊಯ್ಲಿನ ಕಾಲವೇ ಹೋಯಿತು.

ಎಷ್ಟು ವ್ಯತ್ಯಾಸವನ್ನು ನಂಬಬೇಕು?

ಅಭ್ಯಾಸವಿರುವವರು ಅಳೆದರೂ ಸುಮಾರು 5 ಡಿಗ್ರಿಯ ಹೆಚ್ಚು ಕಡಿಮೆ ಇದ್ದೇ ಇರುತ್ತದೆ ಎಂದು ಈ ಕ್ಷೇತ್ರದವರು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. 1978ರಲ್ಲಿ ಬೂನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಮುಖ್ಯ ಸಂಗತಿ ಕಂಡುಬಂದವು: ಒಬ್ಬರೇ ಮತ್ತೆ ಮತ್ತೆ ಅಳೆದರೆ ಅಂಕಿಗಳು ಹೆಚ್ಚು ಹೊಂದುತ್ತವೆ, ಬೇರೆ ಬೇರೆಯವರು ಅಳೆದರೆ ಅಷ್ಟು ಹೊಂದುವುದಿಲ್ಲ, ಮತ್ತು ಕೈಯ ಅಳತೆ ಕಾಲಿನ ಅಳತೆಗಿಂತ ಹೆಚ್ಚು ನಂಬಲರ್ಹ.

ಇದರ ಅರ್ಥ ನಮಗೆ ಸ್ಪಷ್ಟ. ಮಂಡಿ ಕಳೆದ ವಾರ 92 ಇತ್ತು, ಈ ವಾರ 95 ಎಂದರೆ ಅದನ್ನು ಸುಧಾರಣೆಯೆಂದು ಹಿಗ್ಗಬೇಕಾಗಿಲ್ಲ. 89 ಎಂದರೆ ಕುಗ್ಗಬೇಕಾಗಿಯೂ ಇಲ್ಲ. ಒಂದು ತಿಂಗಳಲ್ಲಿ 92ರಿಂದ 110ಕ್ಕೆ ಬಂದರೆ ಅದು ನಿಜವಾದ ಸುಧಾರಣೆ. ನಾಲ್ಕಾರು ವಾರ ಒಂದೇ ಕಡೆ ನಿಂತರೆ ವೈದ್ಯರನ್ನು ಮತ್ತೆ ಕಾಣುವುದಕ್ಕೆ ಅದೇ ಕಾರಣ. ದೂರದ ಊರಿನಿಂದ ಬಸ್ಸು ಹಿಡಿದು, ಒಂದು ದಿನದ ಕೆಲಸ ಬಿಟ್ಟು ಚಿಕಿತ್ಸೆಗೆ ಬರುವವರಿಗೆ ಈ ತಿಳಿವಳಿಕೆ ಹಣಕ್ಕೆ ಸಮಾನ.

ಆದಕಾರಣ ನಿಯಮ ಇಷ್ಟು: ಸಾಧ್ಯವಾದಷ್ಟು ಅದೇ ಚಿಕಿತ್ಸಕರು, ಅದೇ ಉಪಕರಣ, ಅದೇ ಭಂಗಿ, ದಿನದ ಅದೇ ಹೊತ್ತು. ಬೆಳಿಗ್ಗೆ ಎದ್ದ ಕೂಡಲೆ ಕೀಲು ಬಿಗಿದಿರುತ್ತದೆ. ವ್ಯಾಯಾಮ ಮಾಡಿದ ಮೇಲೆ ಸಡಿಲವಾಗಿರುತ್ತದೆ. ಒಮ್ಮೆ ಮೊದಲು, ಒಮ್ಮೆ ಆಮೇಲೆ ಅಳೆದ ಅಂಕಿಗಳನ್ನು ಹೋಲಿಸುವುದು ಹಸಿ ಅಡಿಕೆಯ ತೂಕವನ್ನು ಒಣ ಅಡಿಕೆಯ ತೂಕದೊಂದಿಗೆ ಹೋಲಿಸಿದಂತೆ. ಈಗ ಮೊಬೈಲ್ ಫೋನಿನಲ್ಲಿಯೂ ಕೋನ ತೋರಿಸುವ ಆ್ಯಪ್‌ಗಳಿವೆ. ಅವುಗಳಿಂದಲೂ ಅಳೆಯಬಹುದು, ಆದರೆ ಭಂಗಿ ಮತ್ತು ಗುರುತುಗಳು ತಪ್ಪಿದರೆ ಫೋನು ಎಷ್ಟು ಬೆಲೆಯದಾದರೂ ಅಂಕಿ ತಪ್ಪೇ.

ಯಾವ ಕೆಲಸಕ್ಕೆ ಎಷ್ಟು ಬೇಕು?

ಪೂರ್ತಿ ಚಲನೆ ಬಾರದಿದ್ದರೆ ಬದುಕೇ ಮುಗಿಯಿತೆಂದಲ್ಲ. 1981ರಲ್ಲಿ ಮೋರೆ ಮತ್ತು ಸಂಗಡಿಗರು ಮೊಣಕೈಯನ್ನು ಪರಿಶೀಲಿಸಿ, ದಿನನಿತ್ಯದ ಬಹುಪಾಲು ಕೆಲಸಕ್ಕೆ 30ರಿಂದ 130 ಡಿಗ್ರಿಯವರೆಗಿನ ಚಲನೆ ಸಾಕೆಂದು ತೋರಿಸಿದರು. ಮೊಣಕಾಲಿನಲ್ಲಿ ಸಮನೆಲದ ನಡಿಗೆಗೆ ಸುಮಾರು 65, ಮೆಟ್ಟಿಲು ಹತ್ತಿಳಿಯಲು ಸುಮಾರು 85ರಿಂದ 100, ಕುರ್ಚಿಯಲ್ಲಿ ಕೂತೇಳಲು 90ರ ಮೇಲೆ ಬೇಕು. ಕುಕ್ಕರುಗಾಲಿನಲ್ಲಿ ಕೂರಲು 120ಕ್ಕಿಂತಲೂ ಹೆಚ್ಚು ಬೇಕಾಗುತ್ತದೆ.

ಆದ್ದರಿಂದ ಚಿಕಿತ್ಸೆಯ ಮೊದಲ ದಿನವೇ ನಮ್ಮ ಕೆಲಸವೇನೆಂದು ಚಿಕಿತ್ಸಕರಿಗೆ ಹೇಳಬೇಕು. ಪೇಟೆಯ ಗುಮಾಸ್ತನಿಗೆ 100 ಡಿಗ್ರಿ ಮಂಡಿ ಸಾಕಾದೀತು. ಹಾಳೆ ಹೆಕ್ಕುವ, ಅಡಿಕೆ ಆಯುವ, ಹಟ್ಟಿಯಲ್ಲಿ ಕೂತು ಹಾಲು ಕರೆಯುವ ಹೆಂಗಸಿಗೆ ಸಾಲದು. ‘ಗುಣವಾಯಿತು’ ಎಂಬ ಮಾತು ಇಬ್ಬರಿಗೂ ಒಂದೇ ಅಂಕಿಯಲ್ಲ.

ಪ್ರಮಾಣಪತ್ರದ ಪ್ರಶ್ನೆ

ಚಿಕಿತ್ಸೆಯ ನಂತರವೂ ಕೊರತೆ ಶಾಶ್ವತವಾಗಿ ಉಳಿದರೆ ಅಳತೆಯ ಮಹತ್ವ ಇನ್ನೂ ಹೆಚ್ಚು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ ಪ್ರಕಾರ ಮೀಸಲಾತಿ ಮುಂತಾದ ಮುಖ್ಯ ಸೌಲಭ್ಯಗಳಿಗೆ ವೈಕಲ್ಯ ಶೇಕಡಾ 40ಕ್ಕೆ ಕಡಿಮೆಯಿರಬಾರದು. ಕೈಕಾಲಿನ ವೈಕಲ್ಯವನ್ನು ಲೆಕ್ಕ ಹಾಕಲು ಕೇಂದ್ರ ಸರಕಾರ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಕೀಲಿನ ಚಲನೆಯ ವ್ಯಾಪ್ತಿ ಒಂದು ಮುಖ್ಯ ಅಂಶ. ಸ್ನಾಯುವಿನ ಬಲ ಇನ್ನೊಂದು. ಎರಡು ಕೊರತೆಗಳಿದ್ದರೆ ಅವನ್ನು ಸುಮ್ಮನೆ ಕೂಡಿಸುವುದಿಲ್ಲ. ದೊಡ್ಡದು 40, ಸಣ್ಣದು 20 ಎಂದಾದರೆ ಮೊತ್ತ 60 ಆಗದೆ, ಅದರ ಸೂತ್ರದಂತೆ ಸುಮಾರು 51 ಆಗುತ್ತದೆ. ಹೀಗಿರುವಾಗ ಬೆನ್ನು ಬಗ್ಗಿಸಿ ಎತ್ತಿದ ಕೈಯನ್ನು 150 ಎಂದು ಬರೆದರೆ, ನಿಜವಾಗಿ 110 ಇರುವವನು 40ರ ಗೆರೆಯ ಕೆಳಗೆ ಬೀಳಬಹುದು. ಅತ್ತ ನೋವು ನಟಿಸುವವನಿಗೆ ಸಲ್ಲದ ಲಾಭ ಸಿಗದಂತೆ ತಡೆಯುವುದೂ ಸರಿಯಾದ ಅಳತೆಯೇ.

ಇಲ್ಲಿ ಇನ್ನೊಂದು ಮಾತು. ಶರೀರದ ವೈಕಲ್ಯದ ಶೇಕಡಾವಾರು ಬೇರೆ, ದುಡಿಯುವ ಶಕ್ತಿಯ ನಷ್ಟ ಬೇರೆ. ಚಿತ್ರಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದಾಗ 1968ರಲ್ಲಿ ಬಿದ್ದು ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ, ಒಂದೇ ಕೈಯಿಂದ ಬಡಗಿಯ ಕೆಲಸ ಸಾಧ್ಯವಿಲ್ಲವಾದ್ದರಿಂದ ನಷ್ಟ ಪೂರ್ತಿಯೆಂಬ ನಿಲುವನ್ನು ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. 2010ರಲ್ಲಿ ರಸ್ತೆ ಅಪಘಾತದ ಪರಿಹಾರದ ಮೊಕದ್ದಮೆಯೊಂದರಲ್ಲಿಯೂ ಅದೇ ನ್ಯಾಯಾಲಯ ಈ ಎರಡನ್ನು ಒಂದೇ ಎಂದು ಹಿಡಿಯಬಾರದೆಂದು ವಿವರಿಸಿತು. ಭುಜದ 40 ಡಿಗ್ರಿ ಕಳೆದುಕೊಂಡ ಅಂಗಡಿಯವನು ಅಂಗಡಿ ನಡೆಸಬಲ್ಲ; ಅಷ್ಟನ್ನೇ ಕಳೆದುಕೊಂಡ ಕೊನೆಗಾರ ಮರ ಹತ್ತಲಾರ. ಇದನ್ನು ವಾದಿಸಬೇಕಾದರೆ ಕೈಯಲ್ಲಿ ದಿನಾಂಕ ಸಹಿತ ಅಳತೆಯ ದಾಖಲೆ ಇರಬೇಕು.

ಮನೆಯಲ್ಲಿ ಮಾಡಬಹುದಾದ್ದು

ಗೋನಿಯೋಮೀಟರ್ ಇಲ್ಲದೆಯೂ ಮನೆಯಲ್ಲಿ ಲೆಕ್ಕ ಇಡಬಹುದು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸಿ, ತಲುಪಿದಲ್ಲಿ ಮಸಿಯ ಗುರುತು ಹಾಕಿ ದಿನಾಂಕ ಬರೆಯಿರಿ. ಕಾಲು ಪ್ರತಿಸಲವೂ ಗೋಡೆಯಿಂದ ಅಷ್ಟೇ ದೂರದಲ್ಲಿರಲಿ, ಹಿಮ್ಮಡಿ ಏಳದಿರಲಿ. ಮಂಡಿಗಾದರೆ ಮಲಗಿ ಹಿಮ್ಮಡಿಯನ್ನು ಎಳೆದುಕೊಂಡು, ಹಿಮ್ಮಡಿಗೂ ಪೃಷ್ಠಕ್ಕೂ ನಡುವಿನ ದೂರವನ್ನು ಟೇಪಿನಿಂದ ಸೆಂಟಿಮೀಟರಿನಲ್ಲಿ ಅಳೆಯಿರಿ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ಸಾಕು. ಇದು ಚಿಕಿತ್ಸಕರ ಅಳತೆಗೆ ಬದಲಿಯಲ್ಲ. ಅವರಿಗೆ ತೋರಿಸಲು ಒಂದು ಆಧಾರ.

ಎಚ್ಚರಿಕೆಯೂ ಬೇಕು. ಬಿದ್ದ ಕೂಡಲೆ ‘ಕೈ ಎತ್ತು, ಕಾಲು ಮಡಚು’ ಎಂದು ಪರೀಕ್ಷಿಸುವುದು ಅಪಾಯ. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು. ಬೆನ್ನುಮೂಳೆ ಮುರಿದಿದ್ದರೆ ಆ ಎತ್ತುವಿಕೆಯಿಂದಲೇ ಕಾಲಿನ ಶಕ್ತಿ ಹೋದೀತು. ಬಿದ್ದಲ್ಲಿಯೇ ಅಲುಗಾಡದಂತೆ ಇರಿಸಿ 108ಕ್ಕೆ ಕರೆ ಮಾಡಬೇಕು. ಹೊಸದಾಗಿ ಮುರಿದ, ತಪ್ಪಿದ ಅಥವಾ ಶಸ್ತ್ರಕ್ರಿಯೆಯಾದ ಕೀಲನ್ನು ವೈದ್ಯರ ಒಪ್ಪಿಗೆಯಿಲ್ಲದೆ ಅಳೆಯಲೂ ಬಾರದು, ಎಳೆಯಲೂ ಬಾರದು. ಕೈಗೆ ಪಟ್ಟು ಹಾಕಿರುವಾಗ ವೈದ್ಯರು ಬೇಡವೆನ್ನದಿದ್ದರೆ ಬೆರಳು, ಭುಜಗಳನ್ನು ಆಡಿಸುತ್ತಿರಬೇಕು. ಮಣಿಕಟ್ಟು ಮುರಿದವರ ಭುಜವೂ ಬಿಗಿಯುವುದು ಈ ಅಲಕ್ಷ್ಯದಿಂದ.

ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದಂದಿನಿಂದ ಈ ಭಾಗದ ಜನ ದೊಡ್ಡ ಚಿಕಿತ್ಸೆಗೆ ಬೇರೆ ಊರಿಗೆ ಹೋಗಬೇಕಾದ ಕಷ್ಟ ತಗ್ಗಿತು. ಫಿಸಿಯೋಥೆರಪಿಯೂ ಈಗ ಅಪರೂಪದ್ದಲ್ಲ. ನಮ್ಮ ಪಾಲಿಗೆ ಉಳಿದದ್ದು ಕೇಳುವ ಕೆಲಸ. ಮೊದಲ ದಿನ ಚಿಕಿತ್ಸಕರನ್ನು ನಾಲ್ಕು ಪ್ರಶ್ನೆ ಕೇಳಿ: ಇಂದಿನ ಅಳತೆ ಎಷ್ಟು? ಇನ್ನೊಂದು ಕೈ ಅಥವಾ ಕಾಲಿನದು ಎಷ್ಟು? ನನ್ನ ಕೆಲಸಕ್ಕೆ ಎಷ್ಟು ಬೇಕು? ಮುಂದಿನ ಅಳತೆ ಯಾವಾಗ? ಉತ್ತರಗಳನ್ನು ಚೀಟಿಯಲ್ಲಿ ಬರೆಸಿಕೊಂಡು, ಎಕ್ಸ್‌ರೇ ಜೊತೆಗೆ ಜೋಪಾನವಾಗಿಡಿ. ತೋಟದ ಕೆಲಸದವರು ಓದುಬರಹ ತಿಳಿಯದವರಾದರೆ ಅವರ ಜೊತೆ ಒಮ್ಮೆ ಹೋಗಿ ಇಷ್ಟನ್ನು ಕೇಳಿ ಬರುವುದು ತೋಟದ ಯಜಮಾನರ ಕರ್ತವ್ಯವೆಂದು ತಿಳಿಯೋಣ. ನಮ್ಮ ಮರ ಹತ್ತಿ ಬಿದ್ದವರಿಗೆ ನಾವು ಮಾಡಬಹುದಾದ ಸಹಾಯದಲ್ಲಿ ಇದು ಅತ್ಯಂತ ಕಡಿಮೆ ಖರ್ಚಿನದು.